ಮೂರನೆಯ ನಕ್ಷತ್ರ

ನಂಬದಿದ್ದರೆ ಬಿಡಿ, ಒತ್ತಾಯವಿಲ್ಲ. ಆದರೆ ಇದು ಕಟ್ಟಿದ ಕತೆಯಲ್ಲ. ಬಣ್ಣದ ಡಬ್ಬಿ ಹಿಡಿದು ಏಣಿಯ ಮೇಲೆ ನಿಂತು ನಾನೇ ಕಂಡದ್ದು.

ಅಫಜಲಪುರದಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಊರ ಹೊರಗಿನ ಶಾಲೆಯೊಂದರ ಮೈದಾನದಲ್ಲಿ ಹಳೆಯ ಯುದ್ಧವಿಮಾನವೊಂದನ್ನು ತಂದು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಅದನ್ನು ಹಾರಿಸಿದ್ದ ಅತನೂರಿನ ಸಾಹೇಬರೇ ಮರುದಿನ ಉದ್ಘಾಟನೆಗೆ ಬರುವವರು. ಪೈಲಟ್ ಕೂರುವ ಜಾಗದ ಕೆಳಗೆ, ಅವರು ಉರುಳಿಸಿದ ಒಂದೊಂದು ವೈರಿ ವಿಮಾನಕ್ಕೂ ಒಂದು ಕೆಂಪು ನಕ್ಷತ್ರ ಬರೆಯಬೇಕಿತ್ತು. ಒಟ್ಟು ಮೂರು.

ಅಂದು ಸಂಜೆ ಏಳು ಗಂಟೆಗೆ ಕರೆಂಟು ಹೋಯಿತು. ಕಾವಲುಗಾರ ಮೌಲಾ ಚಾಚಾ ಟಾರ್ಚು ಹಿಡಿದ. ಎರಡು ನಕ್ಷತ್ರ ನೀಟಾಗಿ ಬಂದವು. ಮೂರನೆಯದು ಮುಗಿಸಿ ಬ್ರಶ್ ಎತ್ತಿದೆ...

ಟಕ್. ಟಕ್.

"ಒಳಗಿಂದ ಯಾರೋ ಬಡ್ಯಾಕತ್ತಾರಲ್ಲೋ..." ಚಾಚಾನ ದನಿ ಇಳಿಯಿತು.

"ಬೀಡಿ ಕಡಿಮಿ ಸೇದು ಚಾಚಾ" ಎಂದು ನಕ್ಕೆ.

ಆಗಲೇ ಕೂದಲು ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಹಸಿ ನಕ್ಷತ್ರದ ಮೇಲೆ ಯಾರೋ ಅಂಗೈ ಎಳೆದ ಗುರುತು... ಐದೂ ಬೆರಳು. ಒರೆಸಿ ಮತ್ತೆ ಬರೆದೆ. ಕಣ್ಣೆದುರೇ ಮತ್ತೆ ಅಳಿಯಿತು. ಡಬ್ಬಿ ಅಲ್ಲೇ ಬಿಟ್ಟು ಇಬ್ಬರೂ ಓಡಿದೆವು.

ಬೆಳಿಗ್ಗೆ ಸಾಹೇಬರು ಬಂದ ಕೂಡಲೇ ತೋರಿಸಿದೆ. "ಸಾಹೇಬ್ರ, ಈ ಮೂರನೇದು ನಿಲ್ಲವಲ್ದ್ರಿ."

ಅವರು ನನ್ನ ಕಿವಿಯ ಬಳಿ ಬಾಗಿ ನಕ್ಕರು. "ಆ ಮೂರನೇ ವಿಮಾನದವನ ಇಂಜಿನ್ ತಾನೇ ಕೆಟ್ಟಿತ್ತೋ. ಪ್ಯಾರಾಶೂಟ್ ಬಿಚ್ಚಿ ಇಳ್ಯಾಕತ್ತಿದ್ದ. ಎರಡೂ ಕೈ ಎತ್ತಿ ಬ್ಯಾಡ ಅಂದ... ಪುಕ್ಕಟ ಸಿಕ್ಕಿದ್ದು ಯಾರು ಬಿಡ್ತಾರ? ಹೊಡ್ದೆ. ಬರಿ, ದಪ್ಪಗ ಬರಿ."

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಸಾಹೇಬರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ನನಗೆ. ಚಾಚಾ ಏಣಿ ಹಿಡಿದ, ನಾನು ಆ ಅಂಗೈಯ ಗುರುತಿನ ಮೇಲೆಯೇ ಎರಡು ಕೋಟು ಬಳಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ಈ ಸಲ ಬಣ್ಣ ನಿಂತಿತು. ಫೋಟೋನೂ ಆಯಿತು.

ಸಂಜೆ ಸುದ್ದಿ ಬಂತು. ಜೇವರ್ಗಿ ರಸ್ತೆಯಲ್ಲಿ ಸಾಹೇಬರ ಕಾರಿಗೆ ಬೆಂಕಿ ಹತ್ತಿತಂತೆ. ಬಾಗಿಲು ತೆರೆಯಲಿಲ್ಲವಂತೆ. ಎರಡೂ ಕೈಯಿಂದ ಒಳಗಿನಿಂದ ಗಾಜು ಬಡಿಯುತ್ತಲೇ ಜೀವ ಬಿಟ್ಟರಂತೆ.

ಮರುದಿನ ಏಣಿ ತರಲು ಹೋದೆ. ವಿಮಾನದ ಆಚೆ ಮಗ್ಗುಲಲ್ಲಿ, ನಾನು ಬ್ರಶ್ಶೇ ತಾಗಿಸದ ಕಡೆ, ಒಂದು ನಕ್ಷತ್ರವಿತ್ತು... ಕಪ್ಪು, ಇನ್ನೂ ಹಸಿ. ಅದರ ಪಕ್ಕದಲ್ಲಿ ಇನ್ನೆರಡಕ್ಕೆ ಸೀಮೆಸುಣ್ಣದ ಗೆರೆ ಎಳೆದಿತ್ತು. ನಾನು ಎಳೆಯುವ ಹಾಗೆಯೇ. ಬಣ್ಣ ತುಂಬಿರಲಿಲ್ಲ.

ಒರೆಸಿದೆ. ಹೋಗಲಿಲ್ಲ.

ಅಂದಿನಿಂದ ಚಾಚಾ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಎರಡೂ ಇನ್ನಾ ಖಾಲಿನೇ ಅದಾವೋ" ಎನ್ನುತ್ತಿದ್ದ.

ಈ ವಾರ ಫೋನ್ ಬಂದಿಲ್ಲ. ನಾನೇ ಮಾಡಿ ಕೇಳಲು ಧೈರ್ಯವಾಗುತ್ತಿಲ್ಲ.