ಬೇಲಿಯೊಳಗಿನ ದೋಣಿ

ಎಪ್ಪತ್ತರ ದಶಕದಲ್ಲೊಮ್ಮೆ ಭೀಮಾ ನದಿ ಉಕ್ಕಿದಾಗ, ನೀರಿನ ಸುದ್ದಿ ಕೊಡಲು ನನ್ನನ್ನು ದೇವಣಗಾಂವಕ್ಕೆ ಕಳಿಸಿದ್ದರು. ವೈರ್‌ಲೆಸ್ಸಿಗೆಂದು ಮೇಲಿನವರು ಒಂದು ಮಾದರಿ ಕೊಟ್ಟಿದ್ದರು: "ನೀರು ಏರಿದೆ / ಇಳಿದೆ [ದೋಣಿ ಕಳಿಸಿ]." ಗೆರೆಯ ಆಚೀಚೆ ಇರುವುದರಲ್ಲಿ ಒಂದನ್ನಷ್ಟೇ ಹೇಳಬೇಕು, ಕಂಸದೊಳಗಿನದು ಬೇಕಿದ್ದರೆ ಮಾತ್ರ. ಅವತ್ತು ನೀರು ಇಳಿಯುತ್ತಿತ್ತು. ಆದರೆ ಸೆಟ್ಟಿನ ಮುಂದೆ ಕೂತ ಪೊಲೀಸ್ ಪೇದೆ ಎಲ್ಲವನ್ನೂ ಒಂದೇ ಉಸಿರಿಗೆ ಓದಿಬಿಟ್ಟ. ನಾನು ಅವನ ಕೈ ತಡೆದೆ.

"ದೋಣಿ ಯಾಕ್ ಹೇಳಿದ್ರಿ? ಅದು ಕಂಸದಾಗ ಐತಿ!"

"ಅದಕ್ಕ ಬಿಡ್ಲಿಲ್ರಿ, ಕಂಸಂದ್ರ ಬೇಲಿ ಇದ್ದಂಗ. ನಿಂಬಿ ತೋಟಕ್ಕ ಬೇಲಿ ಯಾಕ ಹಾಕ್ತಾರ? ಒಳಗಿಂದು ಯಾರೂ ಮುಟ್ಟಬಾರದಂತ."

"ತಪ್ಪಾಗೇತಿ ಅಂತ ಈಗ ಹೇಳ್ರಿ!"

ಸೆಟ್ಟು ಬರೀ ಗೊರಗೊರ ಅಂದಿತು. ಆಮೇಲೆ ಅದೂ ನಿಂತಿತು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ದೋಣಿ ಬಂದರೆ ಮೇಲಿನವರಿಗೆ ಏನು ಹೇಳುವುದು?

ಬೆಳಿಗ್ಗೆ ದೋಣಿ ಹೊತ್ತ ಲಾರಿ ಬಂದೇ ಬಂತು. ನೀರು ಇಳಿದು ಬರಿದಾಗಿದ್ದ ದಂಡೆಯ ಜಿಗುಟು ಎರೆ ಮಣ್ಣಿನಲ್ಲಿ ಗಾಲಿಯ ಅಚ್ಚಿನವರೆಗೂ ಹುಗಿದು ನಿಂತಿತು. ಅಷ್ಟರಲ್ಲಿ ಸೆಟ್ಟು ಮತ್ತೆ ಮಾತಾಡತೊಡಗಿತ್ತು.

"ಸಾಹೇಬ್ರ, ಈಗೇನ್ ಕಳಸೂಣ್ರಿ?" ಪೇದೆ ಕೇಳಿದ.

ಮಾದರಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹುಗಿದ ಲಾರಿಗೆ ಅಲ್ಲಿ ಬೇಲಿಯ ಒಳಗೂ ಜಾಗವಿರಲಿಲ್ಲ, ಹೊರಗೂ ಇರಲಿಲ್ಲ.