ಬೆಂಚಿನ ತುದಿಗೆ ಕೂರುತ್ತಿದ್ದ ಮೇಡಂ

ಶಕ್ತಿನಗರದ ನಮ್ಮ ಶಾಲೆಗೆ ವಾರಕ್ಕೊಮ್ಮೆ ರಾಯಚೂರಿನಿಂದ ಆಪ್ತ ಸಮಾಲೋಚಕಿಯೊಬ್ಬರು ಬರುತ್ತಿದ್ದರು. ಕುರ್ಚಿ ಬಿಟ್ಟು ನಮ್ಮ ಬೆಂಚಿನ ತುದಿಗೇ ಕೂರುತ್ತಿದ್ದರು. ಯಾರು ಯಾವ ಕೆಲಸದ ಮಾತೆತ್ತಿದರೂ, "ಮೊದ್ಲು ನೋಡೂಣು ಬಾ" ಎನ್ನುತ್ತಿದ್ದರು.

ನಾವು ಒಡಿಶಾದಿಂದ ಬಂದವರು. ಅಪ್ಪ ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ವೆಲ್ಡರ್. ಹತ್ತನೇ ತರಗತಿ ಮುಗಿದರೆ ನನ್ನನ್ನು ಓದು ಬಿಡಿಸಿ ಊರಿಗೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹರಕು ಕನ್ನಡದಲ್ಲಿ ಅದನ್ನು ಮೇಡಂಗೆ ಹೇಳಿಕೊಂಡೆ.

"ಅದಿರಲಿ, ನಿನಗೇನಾಗಬೇಕಂತ ಆಸಿ ಅದವ್ವಾ?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಕರೆಂಟ್ ಮಾಡೋ ಮಷಿನ್ ನಡಸಬೇಕ್ರಿ!" ಎಂದುಬಿಟ್ಟೆ.

"ಹಂಗಾರ ಮೊದ್ಲು ನೋಡೂಣು ಬಾ."

ಅವರೇ ಓಡಾಡಿ ಸ್ಥಾವರದ ಅನುಮತಿ ತಂದರು. ಅಪ್ಪನನ್ನೂ ಜೊತೆಗೆ ಕರೆದರು. ನಿಯಂತ್ರಣ ಕೊಠಡಿಯಲ್ಲಿ ಸಾಲು ಪರದೆಗಳ ಮುಂದೆ ಕೂತು ಇಡೀ ಘಟಕವನ್ನು ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು!

"ಈಕಿ ಡಿಪ್ಲೊಮಾ ಓದ್ಯಾಳ. ಆ ಓದು ರಾಯಚೂರಾಗೂ ಅದ" ಎಂದ ಮೇಡಂ, ಅಪ್ಪನಿಗೆ ಅದನ್ನೇ ಹಿಂದಿಯಲ್ಲಿ ಹೇಳಿದರು.

ಅಪ್ಪ ಪರದೆಗಳ ಮುಂದಿದ್ದ ಆಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ತಡವರಿಸುತ್ತಾ ಕನ್ನಡದಲ್ಲೇ ಕೇಳಿದ: "ಮೇಡಂ, ರಾಯಚೂರಿಗೆ ಮುಂಜಾನಿ ಬಸ್ ಎಷ್ಟಕ್ಕ ಅದರಿ?"

ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದ ಆ ಕೊಠಡಿಯಲ್ಲಿ ಮೇಡಂ ಜೋರಾಗಿ ಚಪ್ಪಾಳೆ ತಟ್ಟೇಬಿಟ್ಟರು.