ಬೆಳಗ್ಗೆ ಎಂಟರ ಫೋನು

ನನ್ನ ಕತ್ತನ್ನು ಒತ್ತಿ ನೋಡುತ್ತಿದ್ದ ಡಾಕ್ಟರು ಒಂದು ಕಡೆ ಬೆರಳು ನಿಲ್ಲಿಸಿದರು. "ಈ ಗಂಟು ಯಾವಾಗಿನಿಂದ ಇದೆ?"

ನನಗೇನು ಗೊತ್ತು? ನಾನು ಕಾಯಿಲೆ ಎಂದು ಹೋದವಳೇ ಅಲ್ಲ. ಅಮೆರಿಕದ ಟ್ರಾಯ್ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ನನ್ನನ್ನು ಕೆಲಸದಿಂದ ತೆಗೆದಿತ್ತು. ಆ ರಿಸೆಶನ್ನಿನಲ್ಲಿ ನಮ್ಮ ಬಡಾವಣೆಯಲ್ಲಿ ಕೆಲಸ ಹೋದವರೆಲ್ಲ ಮೊದಲು ಮಾಡುತ್ತಿದ್ದದ್ದು ಒಂದೇ. ಕಂಪನಿ ಕೊಟ್ಟಿದ್ದ ಇನ್ಶೂರೆನ್ಸ್ ಮುಗಿಯುವುದರೊಳಗೆ ಹಲ್ಲು, ಕಣ್ಣು, ರಕ್ತ ಎಲ್ಲ ತೋರಿಸಿಕೊಂಡು ಬರುವುದು. ನಾನೂ ಹಾಗೇ ಹೋಗಿದ್ದೆ.

ಬಯಾಪ್ಸಿ ಆಯಿತು.

ಥೈರಾಯ್ಡ್ ಕ್ಯಾನ್ಸರ್.

ಆಪರೇಷನ್ ಆದರೆ ಗುಣವಾಗುತ್ತದೆ ಎಂದರು. ಆದರೆ ಸಿಕ್ಕಿದ ಡೇಟು ಆರು ವಾರದಾಚೆ. ನನ್ನ ಇನ್ಶೂರೆನ್ಸ್ ಉಳಿದಿದ್ದು ಮೂರೇ ವಾರ. ಗಂಡ ರವಿಯದು ಕಾಂಟ್ರ್ಯಾಕ್ಟ್ ಕೆಲಸ, ಅದರಲ್ಲಿ ಇನ್ಶೂರೆನ್ಸ್ ಇಲ್ಲ. ಫೈಲಿನಲ್ಲಿ ಕ್ಯಾನ್ಸರ್ ಎಂದು ಬಿದ್ದವಳಿಗೆ ಹೊಸದಾಗಿ ಯಾರು ಕೊಡುತ್ತಾರೆ? ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಿಟ್ಟು ಉಪಯೋಗಕ್ಕೂ ಬಂತು. ಆಸ್ಪತ್ರೆಯಲ್ಲಿ ಸರ್ಜರಿಯ ಡೇಟು ಕೊಡುವ ಡೆನಿಸ್‌ಗೆ ದಿನಾ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡತೊಡಗಿದೆ. "ಯಾರಾದರೂ ಕ್ಯಾನ್ಸಲ್ ಮಾಡಿದರಾ?"

"ಆಫೀಸಿಗೆ ಇಷ್ಟು ಕರೆಕ್ಟ್ ಟೈಮಿಗೆ ಹೋಗಿದ್ದಿದ್ರೆ ನಿನ್ನ ಲೇಆಫೇ ಮಾಡ್ತಿರ್ಲಿಲ್ಲ ಕಣೆ" ಎಂದ ರವಿ.

"ಲೇಆಫ್ ಆಗ್ದೇ ಇದ್ದಿದ್ರೆ ಈ ಗಂಟು ಗೊತ್ತಾಗ್ತಿತ್ತಾ?"

ಇಬ್ಬರೂ ನಕ್ಕೆವು.

ಹನ್ನೊಂದನೇ ದಿನ ನಾನು ಹೆಸರು ಹೇಳುವ ಮೊದಲೇ ಡೆನಿಸ್ ಕೇಳಿದಳು. "ಗುರುವಾರ ಬರ್ತೀರಾ?"

ಹೋದೆ. ಗಂಟು ತೆಗೆದರು. ವಾರವೆಲ್ಲ ದನಿ ಗೊಗ್ಗರಾಗಿತ್ತು, ಮೆತ್ತನೆಯ ಇಡ್ಲಿ ನುಂಗಲೂ ಕಣ್ಣಲ್ಲಿ ನೀರು ಬರುತ್ತಿತ್ತು. ರಿಪೋರ್ಟ್ ಚೆನ್ನಾಗಿ ಬಂತು. ದೇವಸ್ಥಾನದಲ್ಲಿ ಸಿಕ್ಕಿದ ಆಂಟಿಯೊಬ್ಬರು "ನಿನ್ ಲಕ್ ಚೆನ್ನಾಗಿತ್ತಮ್ಮ" ಎಂದಾಗ ಮೈಯೆಲ್ಲ ಉರಿಯಿತು. ಹನ್ನೊಂದು ದಿನ ಬಿಡದೆ ಫೋನ್ ಮಾಡಿದವಳು ನಾನು. ಆ ಹೆಮ್ಮೆ ನನಗೆ ಈಗಲೂ ಇದೆ.

ಥ್ಯಾಂಕ್ಸ್ ಹೇಳೋಣವೆಂದು ಸೋಮವಾರ ಮತ್ತೆ ಎಂಟಕ್ಕೇ ಡೆನಿಸ್‌ಗೆ ಫೋನ್ ಮಾಡಿದೆ. ಮಾತಿನ ನಡುವೆ ಕೇಳಿಯೇಬಿಟ್ಟೆ, "ಆ ಗುರುವಾರದ ಜಾಗ ಬಿಟ್ಟವರು ಯಾಕೆ ಬಿಟ್ಟರು?"

ಆಕೆ ತಡವರಿಸಿದಳು. "ಇದನ್ನ ನಾನು ಹೇಳೋ ಹಾಗಿಲ್ಲ. ಅವರ ಇನ್ಶೂರೆನ್ಸ್ ಹೋಯ್ತು. ಏನಾದ್ರೂ ದಾರಿ ಇದೆಯಾ ಅಂತ ಈಗ ಅವರೂ ದಿನಾ ಎಂಟಕ್ಕೆ ಫೋನ್ ಮಾಡ್ತಾರೆ."

ಗಡಿಯಾರ ನೋಡಿದೆ. ಎಂಟಾಗಿ ಎರಡು ನಿಮಿಷ. ಹೇಳಬೇಕೆಂದುಕೊಂಡಿದ್ದ ಮಾತನ್ನೆಲ್ಲ ಅಲ್ಲಿಗೇ ಬಿಟ್ಟು, ಲೈನು ಅವರಿಗೆ ಸಿಗಲಿ ಎಂದು ಫೋನ್ ಇಟ್ಟುಬಿಟ್ಟೆ.